ಹನ್ನೊಂದನೇ ಪುಟದ ಮಾವ

ಮಡಿಕೇರಿ, ಜುಲೈ

ಪ್ರೀತಿಯ ಮಗಳೇ,

ಪೊನ್ನಂಪೇಟೆಯಿಂದ ನೀನು ಕಳಿಸಿದ ನಿನ್ನ ಪತ್ತೇದಾರಿ ಕಥೆಯ ಕಟ್ಟು ಬಂದು ಎಂಟು ದಿನ ಆಯ್ತು. ಮಳೆಗೆ ಕವರ್ ನೆನೆದು ಮೊದಲ ನಾಲ್ಕು ಹಾಳೆ ಅಂಟಿಕೊಂಡಿದ್ದವು. ಒಲೆ ಹತ್ತಿರ ಹರಡಿ, ಒಣಗಿಸಿ ಓದಿದೆ. ಮೂರು ದಿನದಿಂದ ಕರೆಂಟಿಲ್ಲ. ಕೊಲೆ ಕಥೆಗೆ ಮೇಣದಬತ್ತಿಯೇ ಸರಿ ಬಿಡು. ಕೊನೆಯಲ್ಲಿ 'ಇನ್ನು ಬರೆಯಲ್ಲ' ಅಂದಿದ್ದೀಯಲ್ಲ, ಅದನ್ನು ನಾನು ಓದಿಲ್ಲ ಅಂದುಕೋ.

ದಿನಕ್ಕೆ ಎಷ್ಟು ಪುಟ, ಪೆನ್ನೋ ಕಂಪ್ಯೂಟರೋ, ಅದೆಲ್ಲ ನಿನಗೆ ಬಿಟ್ಟಿದ್ದು. ಆದರೆ ಜುಲೈನಲ್ಲಿ ಕಾಫಿ ಹಣ್ಣು ಒಣಗುವ ಕಣದಲ್ಲಿ ಹೆಣ ಬೀಳಿಸಿದ್ದೀಯಲ್ಲ, ಆ ತಿಂಗಳು ನಮ್ಮ ಯಾವ ಕಣದಲ್ಲೂ ಕಾಫಿ ಹಣ್ಣು ಒಣಗುವುದಿಲ್ಲ. ರೋಬಸ್ಟಾ ಕುಯ್ಯೋದೇ ಜನವರಿ ಹೊತ್ತಿಗೆ. ಹೆಣವನ್ನು ಬೇರೆ ಕಡೆ ಹಾಕು. ಇನ್ನು ನಿನ್ನ ಇನ್ಸ್‌ಪೆಕ್ಟರ್. ಕೋವಿ ಸಿಕ್ಕಿದ ಕೂಡಲೇ 'ಲೈಸೆನ್ಸ್ ಎಲ್ಲಿ?' ಅಂತ ಗದರುತ್ತಾನೆ. ಕೊಡವರಿಗೂ ಜಮ್ಮಾ ಅನ್ನೋ ಕೊಡಗಿನ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸ್ ಬೇಡ, ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಈ ಊರಿನ ಹುಡುಗಿ ನೀನು, ಸಿನಿಮಾ ಪೊಲೀಸನನ್ನು ಯಾಕೆ ಕರೆಸಿದೆ?

ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ ನೆನಪು ಮಾಡಿಕೋ. ಕೋವಿಗಳನ್ನು ಒರೆಸಿ, ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ, ಪೂಜೆಗೆ ಸಾಲಾಗಿ ಇಡುತ್ತಾರೆ. ನಿನ್ನ ಕಥೆಯಲ್ಲಿ ಹೂ ನಾಲ್ಕು ತಂದಿದ್ದಾರೆ, ಕೋವಿ ಮೂರೇ ಇದೆ. ಮಿಕ್ಕಿದ ಹೂವನ್ನು ಹಿಡಿದುಕೊಂಡು ಅಜ್ಜಿ ನಿಂತಿದ್ದಾಳೆ. ಯಾರೂ ಏನೂ ಕೇಳುವುದಿಲ್ಲ. ತಗೋ, ಬಿಟ್ಟಿ ಕೊಟ್ಟಿದ್ದೀನಿ.

ನನಗೆ ಸಿಟ್ಟು ಬಂದಿದ್ದು ಹನ್ನೊಂದನೇ ಪುಟಕ್ಕೆ. ಹೆಣ ನೋಡಿದಾಗ 'ಮಾವನಿಗೆ ಏನಾಗಿದೆ ಎಂದೇ ತಿಳಿಯಲಿಲ್ಲ' ಅಂತ ಬರೆದಿದ್ದೀಯ. ಕೊಂದವನೇ ಮಾವ! ಅವನಿಗೆ ತಿಳಿಯದೆ ಇನ್ಯಾರಿಗೆ ತಿಳಿಯುತ್ತೆ? 'ಮಾವ ಟೋಪಿ ತೆಗೆದು ಅಲ್ಲೇ ಕುಸಿದು ಕೂತ' ಅಂದಿದ್ದರೆ ಬೆನ್ನು ತಟ್ಟುತ್ತಿದ್ದೆ. ಅವನು ನಾಟಕ ಆಡಲಿ, ಬಾಯಿಬಿಟ್ಟು ಸುಳ್ಳು ಹೇಳಲಿ, ಅದು ಅವನ ಕೆಲಸ. ಕಥೆ ಹೇಳುವ ನೀನು ಸುಳ್ಳು ಹೇಳಕೂಡದು. ಮುಚ್ಚಿಡು, ಎಷ್ಟು ಬೇಕಾದರೂ ಮುಚ್ಚಿಡು.

ಇಷ್ಟು ರೇಗೋದಕ್ಕೆ ಕಾರಣ ಇದೆ. ಹಿಂದೆ ಒಂದು ವಾರಪತ್ರಿಕೆಯಲ್ಲಿ ನನ್ನ ಧಾರಾವಾಹಿ ಬರ್ತಿತ್ತು. ಎರಡು ಕಂತು ಬಾಕಿ ಇರುವಾಗ ಸಂಪಾದಕರ ಫೋನು. 'ಕೊಲೆಗಾರ ಯಾರು ಅಂತ ಓದುಗರಿಗೆ ಗೊತ್ತಾಗಿಬಿಟ್ಟಿದೆ, ಬದಲಾಯಿಸಿ.' ಬದಲಾಯಿಸಿದೆ. ದುಡ್ಡು ಬೇಕಿತ್ತು, ಮನೆ ಹೆಂಚು ಸೋರುತ್ತಿತ್ತು. ಪಾಪದ ಕಾಂಪೌಂಡರನ ತಲೆಗೆ ಕಟ್ಟಿದೆ. ಕೊಲೆಯಾದ ರಾತ್ರಿ ಅವನು ವಿರಾಜಪೇಟೆಯಲ್ಲಿದ್ದ ಅಂತ ಆರನೇ ಕಂತಿನಲ್ಲಿ ನಾನೇ ಬರೆದಿದ್ದೆ! ಆ ಸಂಪಾದಕರನ್ನು ಇವತ್ತಿಗೂ ಕ್ಷಮಿಸಿಲ್ಲ. ಹೂಂ ಅಂದವನು ನಾನೇ ಅಲ್ವಾ, ಅದು ಬೇರೆ ಮಾತು.

ನಮ್ಮ ಪೋಸ್ಟ್‌ಮ್ಯಾನ್ ವಾರ ವಾರ ಗೇಟಿನ ಹತ್ತಿರ ನಿಂತು, ಕಾಲಿಗೆ ಹತ್ತಿದ ಜಿಗಣೆ ಕೀಳುತ್ತಾ, ಕೊಲೆಗಾರ ಯಾರಿರಬಹುದು ಅಂತ ತನ್ನ ಲೆಕ್ಕ ಒಪ್ಪಿಸುತ್ತಿದ್ದ. ಅವನು ಸರಿಯಾಗೇ ಹಿಡಿದಿದ್ದ. ಕೊನೆಯ ಕಂತು ಬಂದ ವಾರ ಕಾಗದ ಕೊಟ್ಟ, ನಮಸ್ಕಾರ ಅಂದ, ಹೋದ. ಆಮೇಲೆ ಅವನು ರಿಟೈರ್ ಆಗೋವರೆಗೂ ನನ್ನ ಕಥೆಯ ಮಾತೇ ಎತ್ತಲಿಲ್ಲ.

'ಇವತ್ತು ಯಾರನ್ನು ಸಾಯಿಸ್ತಿದ್ದೀರಿ, ಊಟಕ್ಕೆ ಏಳಿ' ಅಂತ ನಿನ್ನ ಆಂಟಿ ಒಳಗಿಂದ ಕೂಗುತ್ತಿದ್ದಾಳೆ. ಹನ್ನೊಂದನೇ ಪುಟ ತಿದ್ದಿ ನೀನೇ ತಗೊಂಡು ಬಾ. ಈ ಸಲ ಪ್ಲಾಸ್ಟಿಕ್‌ನಲ್ಲಿ ಸುತ್ತು.

ನಿನ್ನ
ಅಂಕಲ್