ಮಾತುಕತೆ ಹಾಲ್‌ನಲ್ಲಿ ಹೆಂಗಸ್ರು ಎಲ್ಲಿ?

ಸಂಪಾದಕರೇ,

ಯುದ್ಧ ನಿಂತಾಗ ಸಹಿ ಹಾಕೋ ಫೋಟೋದಲ್ಲಿ ಹೆಚ್ಚಾಗಿ ಗಂಡಸ್ರೇ ಕಾಣ್ತಾರೆ, ಹೆಂಗಸ್ರು ಅಂದ್ರೆ ಕ್ಯಾಂಪಲ್ಲಿ ಮಗು ಎತ್ಕೊಂಡು ಕೂತವ್ರು ಅಷ್ಟೇ. ಶಾಂತಿ ಮಾತುಕತೆಯಲ್ಲಿ ಹೆಂಗಸ್ರೂ ಇರಬೇಕು ಅಂತ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1325ನೇ ನಿರ್ಣಯ ಮಾಡಿದ್ದು 2000ದಲ್ಲಿ.

ಅಂತರ್ಯುದ್ಧದಲ್ಲಿ ನಲುಗಿದ್ದ ಪಶ್ಚಿಮ ಆಫ್ರಿಕಾದ ಲೈಬೀರಿಯಾ ನೋಡಿ. 2003ರಲ್ಲಿ ಶಾಂತಿ ಹೋರಾಟಗಾರ್ತಿ ಲೇಮಾ ಗ್ಬೋವೀ ಜೊತೆ ಕ್ರಿಶ್ಚಿಯನ್, ಮುಸ್ಲಿಂ ಹೆಂಗಸ್ರು ಒಟ್ಟಿಗೆ ಬಿಳಿ ಬಟ್ಟೆ ಹಾಕ್ಕೊಂಡು ರಾಜಧಾನಿ ಮನ್ರೋವಿಯಾದ ಮೀನು ಮಾರ್ಕೆಟ್ ಹತ್ರ ಬಿಸಿಲು ಮಳೆ ಅನ್ನದೆ ಕೂತ್ರು, ಆಮೇಲೆ ಘಾನಾ ದೇಶದಲ್ಲಿ ಶಾಂತಿ ಮಾತುಕತೆ ಎಳೀತಾ ಇದ್ದಾಗ ಹಾಲ್ ಬಾಗಿಲಿಗೇ ಅಡ್ಡ ಕೂತು ಕೈಗೆ ಕೈ ಕೊಂಡಿ ಹಾಕಿ ಯಾರನ್ನೂ ಹೊರಗೆ ಬಿಡಲ್ಲ ಅಂದ್ಬಿಟ್ರು. ಆಗಸ್ಟಲ್ಲಿ ಒಪ್ಪಂದ ಆಯ್ತು! 2007ರಲ್ಲಿ ಅಲ್ಲಿಗೆ ಹೋದ ವಿಶ್ವಸಂಸ್ಥೆಯ ಮೊದಲ ಪೂರ್ತಿ ಮಹಿಳಾ ಪೊಲೀಸ್ ತುಕಡಿ ನಮ್ಮ ಭಾರತದ್ದೇ, ಎಷ್ಟು ಜನಕ್ಕೆ ಗೊತ್ತು ಹೇಳಿ.

ಹೋದ ಬೇಸಿಗೇಲಿ ನಮ್ಮ ಬೀದೀಲಿ ಟ್ಯಾಂಕರ್ ನೀರಿಗೆ ಎರಡು ಮನೆಯವ್ರು ಹೊಡೆದಾಡಿದಾಗ ಬಿಂದಿಗೆ ಹಿಡಿದು ನಿಂತಿದ್ದ ಹೆಂಗಸ್ರೇ ಸಾಲು ಮಾಡಿ ಬಗೆಹರಿಸಿದ್ದು, ಆಮೇಲಿನ ಮೀಟಿಂಗಿಗೆ ಮಾತ್ರ ಅವ್ರನ್ನ ಕರೀಲೇ ಇಲ್ಲ, ನಂಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಸುಡಾನ್ ಯುದ್ಧದ ಸುದ್ದಿ ಹಾಕುವಾಗ ಅಲ್ಲಿನ ಹೆಂಗಸ್ರು ಏನ್ ಕೇಳ್ತಿದಾರೆ ಅಂತಾನೂ ದಯವಿಟ್ಟು ಬರೀರಿ.

– ಓದುಗಿ, ಬಸವನಗುಡಿ, ಬೆಂಗಳೂರು