ಅಟ್ಟ ಸೇರಿದ ಉಳಿ

ಪ್ರೀತಿಯ ಪುಟ್ಟಿ,

ಉಳಿ ಸುತ್ತಿಗೆಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆಯಂತೆ, ನಿನ್ನಮ್ಮ ಹೇಳಿದಳು. ಬೈಯಲು ಬರೆಯುತ್ತಿಲ್ಲ. ಬಾಣಂತಿಗೆ ಮೊದಲು ನಿದ್ದೆ ಬೇಕು. ಆದರೆ 'ಇನ್ನು ನನ್ನ ಕೆತ್ತನೆ ಮುಗೀತು' ಅಂದೆಯಲ್ಲ, ಆ ಮಾತು ಮಾತ್ರ ನನಗೆ ಹಿಡಿಸಲಿಲ್ಲ.

ಬಾರ್ಬರಾ ಹೆಪ್‌ವರ್ತ್ ನಿನಗೆ ಗೊತ್ತು. ಕಲ್ಲಿನ ನಡುವೆ ತೂತು ಕೊರೆದು, ಆ ಖಾಲಿ ಜಾಗವನ್ನೂ ಶಿಲ್ಪದ ಭಾಗ ಮಾಡಿದವಳು. ಅವಳ ಮನೆ ಹೇಗಿತ್ತು ಅಂತ ಯಾರಾದರೂ ಹೇಳಿದ್ದಾರಾ? 1934ರಲ್ಲಿ ಲಂಡನ್ನಿನಲ್ಲಿ ಒಂದೇ ಹೆರಿಗೆಗೆ ಮೂರು ಮಕ್ಕಳು! ಮೊದಲ ಮದುವೆಯ ಮಗ ಪಾಲ್‌ಗೆ ಆಗ ಐದು ವರ್ಷ. ಕೈಯಲ್ಲಿ ದುಡ್ಡು ಕಡಿಮೆ. ಕೂಸುಗಳನ್ನು ನೋಡಿಕೊಳ್ಳಲು ಬೇರೆಯವರ ನೆರವು ಪಡೆದಳು. ಅದನ್ನೇ ಹಿಡಿದು ಆಡಿಕೊಳ್ಳುವವರು ಈಗಲೂ ಇದ್ದಾರೆ. ಆ ಮೂರು ಕೂಸುಗಳ ತಂದೆ ಬೆನ್ ನಿಕಲ್ಸನ್ನೂ ಕಲಾವಿದನೇ. ಅವನನ್ನು ಅಷ್ಟು ಕೇಳುವವರಿಲ್ಲ, ನೋಡು.

ಹೆರಿಗೆಯ ನಂತರ ಕೆತ್ತಿದ್ದು 'ತ್ರೀ ಫಾರ್ಮ್ಸ್', 1935. ಬಿಳಿ ಅಮೃತಶಿಲೆಯ ಒಂದು ಗುಂಡು, ಎರಡು ಮೊಟ್ಟೆಯಂಥ ಆಕಾರ, ಅಷ್ಟೇ. ಮೂರು ಮಕ್ಕಳು, ಮೂರು ಕಲ್ಲು ಅಂತ ಲೆಕ್ಕ ಹಾಕುವುದು ಸುಲಭ. ನನಗೆ ಬೆರಗು ಬೇರೆ ಕಡೆ. ಅದಕ್ಕೆ ಮುಂಚೆ ಅವಳ ಕೆಲಸದಲ್ಲಿ ತಾಯಿ, ಮಗು ಅಂತ ಗುರುತು ಸಿಗುತ್ತಿತ್ತು. ಮಡಿಲು ತುಂಬಿದ ಮೇಲೆ ಆ ಗುರುತೂ ಹೋಯಿತು. ಆಕಾರಗಳ ನಡುವಿನ ಅಂತರವೇ ಮಾತಾಡತೊಡಗಿತು.

1939ರಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ಸಂಸಾರ ಲಂಡನ್ ಬಿಟ್ಟು ಇಂಗ್ಲೆಂಡಿನದೇ ಕಾರ್ನ್‌ವಾಲ್‌ನ ಸೇಂಟ್ ಐವ್ಸ್ ಎಂಬ ಊರು ಸೇರಿತು. ಹಗಲೆಲ್ಲ ಮಕ್ಕಳು, ಅಡಿಗೆ. ದೊಡ್ಡ ಕಲ್ಲಿಗೆ ಜಾಗವೂ ಇಲ್ಲ, ಹೊತ್ತೂ ಇಲ್ಲ. ರಾತ್ರಿ ಚಿತ್ರ ಬರೆದಳು, ಪ್ಲಾಸ್ಟರಿನಲ್ಲಿ ಸಣ್ಣ ಸಣ್ಣದು ಮಾಡಿದಳು. ಕೈ ಮರೆಯಲು ಮಾತ್ರ ಬಿಡಲಿಲ್ಲ. ನ್ಯೂಯಾರ್ಕಿನ ವಿಶ್ವಸಂಸ್ಥೆಯ ಎದುರು ಅವಳ 6.4 ಮೀಟರ್ ಎತ್ತರದ ಕಂಚಿನ 'ಸಿಂಗಲ್ ಫಾರ್ಮ್' ನಿಂತದ್ದು 1964ರಲ್ಲಿ. ಆ ಮೂವರಿಗೆ ಆಗ ಹತ್ತಿರ ಹತ್ತಿರ ಮೂವತ್ತು ವರ್ಷ!

ಎಲ್ಲ ಸುಖವಾಗಿತ್ತು ಅಂತ ಸುಳ್ಳು ಹೇಳಲಾರೆ. ಮದುವೆ ಮುರಿಯಿತು. ಪಾಲ್ 1953ರಲ್ಲಿ ವಿಮಾನ ಅಪಘಾತದಲ್ಲಿ ಹೋದ. ಅವಳಂತೆ ಬದುಕು ಅಂತಲೂ ಅನ್ನುತ್ತಿಲ್ಲ.

ಕಲ್ಲು ಸದ್ಯಕ್ಕೆ ಬೇಡ, ಅದರ ಧೂಳು ಮಗುವಿಗೆ ಆಗದು. ಪೆನ್ಸಿಲ್ ಸಾಕು. ಮಗು ಮಲಗಿದಾಗ ಅರ್ಧ ಗಂಟೆ, ಅದೂ ಆಗದ ದಿನ ಹತ್ತು ನಿಮಿಷ. ಸುಮ್ನೆ ಗೀಚು, ಯಾರಿಗೂ ತೋರಿಸಬೇಡ. ನೆರವು ಕೇಳಲು ನಾಚಿಕೆಯೂ ಬೇಡ. ಭಾನುವಾರ ಬೆಳಿಗ್ಗೆ ನಾನೇ ಬರುತ್ತೇನೆ, ಮಗುವನ್ನು ನನ್ನ ಕೈಗೆ ಕೊಟ್ಟು ನೀನು ಬಾಗಿಲು ಹಾಕಿಕೊಂಡು ಕೂರು.

ಇಂತಿ ನಿನ್ನ
ದೊಡ್ಡಮ್ಮ