ಪಕ್ಕದ ಮನೆ ಅಜ್ಜನಿಗೆ ನನ್ನ ಓಟು

ಮೊನ್ನೆ ಶನಿವಾರ ಬೆಳಿಗ್ಗೆ ನಮ್ಮನೆಯವರು, ಯಾರು ಬೇಕಾದರೂ ಓಡಬಹುದಾದ, ನಡೆಯಬಹುದಾದ ವಾರದ ಪಾರ್ಕ್‌ರನ್‌ನಲ್ಲಿ ಐದು ಕಿಲೋಮೀಟರ್ ಮುಗಿಸಿದರು. ಓಡಲಿಲ್ಲ, ನಡೆದರು. ಎರಡು ಸಲ ಬೆಂಚಿನ ಮೇಲೆ ಕೂತು ಸುಧಾರಿಸಿಕೊಂಡರು. ಆದರೂ ಮುಗಿಸಿದರು. ಫೋಟೋ ನೋಡಿ ನೀವೆಲ್ಲ ಮೆಸೇಜ್ ಕಳಿಸಿದಿರಿ. ಒಬ್ಬೊಬ್ಬರಿಗೂ ಉತ್ತರ ಬರೆಯೋಕೆ ಆಗಲಿಲ್ಲ, ಅದಕ್ಕೇ ಇದು.

ಕಳೆದ ಡಿಸೆಂಬರ್‌ನಲ್ಲಿ ನಮ್ಮನೆಯವರನ್ನು ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಒಯ್ದ ದಿನ ಏನಾಯ್ತು ಅನ್ನೋದು ನಿಮಗೆ ಗೊತ್ತು. ಮತ್ತೆ ಹೇಳೋಕೆ ನನಗೂ ಮನಸ್ಸಿಲ್ಲ.

ಸರದಿ ಹಾಕಿಕೊಂಡು ಅನ್ನ, ಸಾರು ತಂದುಕೊಟ್ಟ ಮ್ಯಾಂಚೆಸ್ಟರ್‌ನ ಗೆಳತಿಯರು, ಮಗಳನ್ನು ಸ್ಕೂಲಿಂದ ಕರೆದುಕೊಂಡು ಬರ್ತಿದ್ದವರು, ರಜೆ ಲೆಕ್ಕ ಹಾಕದ ನನ್ನ ಮ್ಯಾನೇಜರ್, ವಾರ್ಡಿನ ನರ್ಸುಗಳು, ಮಂಡಿನೋವು ಇಟ್ಟುಕೊಂಡೇ ದಾವಣಗೆರೆಯಿಂದ ಬಂದ ಅಮ್ಮ, ನಿಮ್ಮೆಲ್ಲರ ಋಣ ನನ್ನ ಮೇಲಿದೆ. ಒಂದೇ ಸಾಲಿನಲ್ಲಿ ಮುಗಿಸಿದಳು ಅಂತ ಬೇಜಾರು ಮಾಡ್ಕೋಬೇಡಿ. ಉಳಿದ ಜಾಗವೆಲ್ಲ ಪಕ್ಕದ ಮನೆ ಅಜ್ಜನಿಗೆ ಬೇಕು.

ಅವರನ್ನು ಎದುರಿಗೆ ಹೆಸರಿಟ್ಟೇ ಕರೆಯೋದು, ಇಲ್ಲಿ ಹಾಗೇ ರೂಢಿ. ಆದರೆ ಮನೆಯೊಳಗೆ ನಮಗೆ ಅವರು ಅಜ್ಜ. ಈಗ ಎಂಬತ್ತು ವರ್ಷ. ಒಬ್ಬರೇ ಇದ್ದಾರೆ. ಓಟದ ಕ್ಲಬ್ಬಿನಲ್ಲಿ ಬಹಳ ವರ್ಷ ಟೈಮ್ ಹಿಡಿಯುವ ಕೆಲಸ ಮಾಡಿದವರು. ಕೀಲಿ ಕೊಡುವ ಹಳೆಯ ಸ್ಟಾಪ್‌ವಾಚ್ ಇಂದಿಗೂ ಅವರ ಕೋಟಿನ ಜೇಬಿನಲ್ಲಿ ಇರುತ್ತೆ. ಅದುವರೆಗೆ ನಮ್ಮ ನಡುವೆ ಇದ್ದದ್ದು ಕಸದ ಡಬ್ಬಿ ಯಾವತ್ತು ಹೊರಗಿಡಬೇಕು ಅನ್ನೋವಷ್ಟು ಮಾತು ಮಾತ್ರ.

ಅವತ್ತು 2024ರ ಡಿಸೆಂಬರ್ 17, ಮಂಗಳವಾರ. ಆಂಬುಲೆನ್ಸ್ ಹೋದ ಮೇಲೆ ನಾನು ಚಪ್ಪಲಿಯಲ್ಲೇ ರಸ್ತೆಯಲ್ಲಿ ನಿಂತಿದ್ದೆ. ಅಜ್ಜ ಏನೂ ಕೇಳಲಿಲ್ಲ. ಕಾರಿನ ಬಾಗಿಲು ತೆಗೆದರು. ಅವರಿಗೆ ಅದು ವರ್ಷದ ಮುಖ್ಯ ಸಂಜೆ ಅಂತ ನನಗೆ ಆಮೇಲೆ ಗೊತ್ತಾಯ್ತು. ಬಿಬಿಸಿಯ 'ಸ್ಪೋರ್ಟ್ಸ್ ಪರ್ಸನಾಲಿಟಿ ಆಫ್ ದಿ ಇಯರ್' ಇದ್ದ ದಿನ, ಅಂದರೆ ವರ್ಷದ ಕ್ರೀಡಾಪಟುವನ್ನು ಜನರ ಓಟಿನಿಂದ ಆರಿಸುವ ಟಿವಿ ಕಾರ್ಯಕ್ರಮ. ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಿಂದ ಲೈವ್.

ಆಸ್ಪತ್ರೆಯಲ್ಲಿ ರೋಗಿಗಳ ಕಡೆಯವರು ಕೂರುವ ಕೋಣೆಯಲ್ಲಿ ಒಂದು ಟಿವಿ. ದನಿ ಇಲ್ಲ, ಕೆಳಗೆ ಅಕ್ಷರ ಓಡ್ತಿತ್ತು. ಡಾಕ್ಟರ್ ಬಂದು "ಇಪ್ಪತ್ತು ನಿಮಿಷದಲ್ಲಿ ಬಂದು ಹೇಳ್ತೀವಿ" ಅಂದು ಹೋದರು. ಅಜ್ಜ ಜೇಬಿಗೆ ಕೈ ಹಾಕಿದರು. ಟಕ್ ಅಂತ ಸದ್ದಾಯ್ತು. ಇಪ್ಪತ್ತು ನಿಮಿಷ ಕಳೆಯಿತು, ಒಂದು ಗಂಟೆ ಕಳೆಯಿತು. ಆ ವಾಚನ್ನು ಅವರು ಒಮ್ಮೆಯೂ ಹೊರಗೆ ತೆಗೆಯಲಿಲ್ಲ.

ಬದಲಿಗೆ ಕಥೆ ಹೇಳಿದರು. 1954ರಲ್ಲಿ ಈ ಪ್ರಶಸ್ತಿ ಶುರುವಾದಾಗ ಅವರಿಗೆ ಒಂಬತ್ತು ವರ್ಷ. ಆಗ ಜನ ಪೋಸ್ಟ್ ಕಾರ್ಡಿನಲ್ಲಿ ಓಟು ಹಾಕ್ತಿದ್ದರಂತೆ. ಆ ಮೇ ತಿಂಗಳಲ್ಲಿ ಆಕ್ಸ್‌ಫರ್ಡ್‌ನಲ್ಲಿ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದ್ದ. ನಾಲ್ಕು ನಿಮಿಷದೊಳಗೆ ಓಡಿದ ಮೊದಲ ಮನುಷ್ಯ. ಹಾಗಾದರೆ ಮೊದಲ ಪ್ರಶಸ್ತಿ ಅವನಿಗೇ ಅಲ್ವಾ? ಇಲ್ಲ, ಅವನು ಎರಡನೆಯವನು. ಗೆದ್ದದ್ದು ಕ್ರಿಸ್ ಚಾಟವೇ ಅನ್ನುವ ಓಟಗಾರ. ಬ್ಯಾನಿಸ್ಟರ್‌ನ ಆ ಓಟದಲ್ಲಿ ಅವನ ಮುಂದೆ ಓಡಿ ವೇಗ ಹಿಡಿದುಕೊಟ್ಟ ಇಬ್ಬರಲ್ಲಿ ಒಬ್ಬ. ಆ ಅಕ್ಟೋಬರ್‌ನಲ್ಲಿ ಲಂಡನ್ನಿನ ವೈಟ್ ಸಿಟಿಯಲ್ಲಿ ರಾತ್ರಿ ದೀಪದ ಬೆಳಕಲ್ಲಿ ಸೋವಿಯತ್ ಒಕ್ಕೂಟದ ಓಟಗಾರ ಕುಟ್ಸ್‌ನನ್ನು 5,000 ಮೀಟರ್‌ನಲ್ಲಿ ಕೂದಲೆಳೆಯಲ್ಲಿ ಸೋಲಿಸಿದ್ದ. ಅದನ್ನು ಟಿವಿಯಲ್ಲಿ ದೇಶವೇ ನೋಡಿತ್ತು. ಅಜ್ಜನೂ ಯಾರದೋ ಮನೆಯಲ್ಲಿ ನೆಲದ ಮೇಲೆ ಕೂತು ನೋಡಿದ್ದರು.

ಆಮೇಲೆ 1991ರ ಮೀನಿನ ಕಥೆ. ಗಾಳ ಹಾಕುವವರ ಪತ್ರಿಕೆಯೊಂದು ಓದುಗರ ಕೈಯಲ್ಲಿ ಬಾಬ್ ನಡ್ ಅನ್ನುವ ಗಾಳದ ಚಾಂಪಿಯನ್ನಿಗೆ ರಾಶಿ ಓಟು ಹಾಕಿಸಿತ್ತಂತೆ, ಬಿಬಿಸಿ ಅವನ್ನು ಲೆಕ್ಕಕ್ಕೇ ಹಿಡಿಯಲಿಲ್ಲವಂತೆ. ಅಜ್ಜನಿಗೆ ಆ ಸಿಟ್ಟು ಇನ್ನೂ ಆರಿಲ್ಲ. ರಿಯಾಲಿಟಿ ಶೋಗಳಿಗೆ ಎಸ್ಸೆಮ್ಮೆಸ್ ಕಳಿಸಿ ಬ್ಯಾಲೆನ್ಸ್ ಖಾಲಿ ಮಾಡಿಕೊಂಡವಳು ನಾನು, ನನಗೆ ಆ ಸಿಟ್ಟು ಚೆನ್ನಾಗಿ ಅರ್ಥವಾಗುತ್ತೆ.

ಒಂದು ವಿಷಯ ಯಾರಿಗೂ ಹೇಳಿಲ್ಲ. ಆ ಕೋಣೆಯಲ್ಲಿ ನಾನು ದೇವರನ್ನು ನೆನೆಯಲಿಲ್ಲ. ಮನೆ ಸಾಲದ ಕಂತು ಯಾರ ಅಕೌಂಟಿನಿಂದ ಹೋಗುತ್ತೆ, ನಮ್ಮನೆಯವರ ಫೋನಿನ ಪಾಸ್‌ವರ್ಡ್ ಏನು, ಇದನ್ನೇ ಯೋಚಿಸ್ತಿದ್ದೆ. ಒಳಗೆ ಅವರು ಇನ್ನೂ ಉಸಿರಾಡ್ತಿದ್ದರು, ಹೊರಗೆ ನಾನು ಅವರಿಲ್ಲದ ಲೆಕ್ಕ ಹಾಕ್ತಿದ್ದೆ. ಅದು ಬಾಯಿಂದ ಬಂದೇಬಿಟ್ಟಿತು, ಅಜ್ಜನ ಎದುರಿಗೆ, ಅಳುತ್ತಾ. ಅವರು ಸಮಾಧಾನ ಹೇಳಲಿಲ್ಲ. "ನನ್ನ ಹೆಂಡತಿ ಹೋದ ರಾತ್ರಿ ನಾನು ಗ್ಯಾಸ್ ಬಿಲ್ಲಿನ ಬಗ್ಗೆ ಯೋಚಿಸ್ತಿದ್ದೆ" ಅಂದರು. ಅಷ್ಟೇ. ಆಮೇಲೆ ಹೋಗಿ ಮಷೀನಿನಿಂದ ಎರಡು ಕಪ್ ಟೀ ತಂದರು. ಕೆಟ್ಟ ಟೀ.

ಟಿವಿಯಲ್ಲಿ ಓಟಿನ ನಂಬರುಗಳು ಬಂದವು. "ನಿನ್ನ ಓಟು ಯಾರಿಗೆ?" ಅಂತ ಕೇಳಿದರು. ನನಗೆ ಗೊತ್ತಿದ್ದದ್ದು ಒಂದೇ ಹೆಸರು, ಜೋ ರೂಟ್. ಆ ಅಕ್ಟೋಬರ್‌ನಲ್ಲಿ ಮುಲ್ತಾನ್‌ನಲ್ಲಿ ಅವನು 262 ಹೊಡೆದದ್ದನ್ನು ನಮ್ಮನೆಯವರು ಲ್ಯಾಪ್‌ಟಾಪಿನ ಮೂಲೆಯಲ್ಲಿ ಸ್ಕೋರ್ ಇಟ್ಟುಕೊಂಡು ನೋಡಿದ್ದರು. ಅಜ್ಜನ ಪ್ರಾಣವೆಲ್ಲ ಕೀಲಿ ಹಾಡ್ಜ್‌ಕಿನ್ಸನ್ ಮೇಲೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಓಟದ ಚಿನ್ನ ಗೆದ್ದ, ನಮ್ಮ ಗ್ರೇಟರ್ ಮ್ಯಾಂಚೆಸ್ಟರ್‌ನದೇ ಹುಡುಗಿ. ಆದರೂ ಬಟನ್ ಫೋನಿನಲ್ಲಿ ಒಂದೊಂದೇ ಅಂಕಿ ಒತ್ತಿ ಅವರು ರೂಟ್‌ಗೇ ಹಾಕಿದರು. "ಇದು ನಿನ್ನ ಗಂಡನ ಓಟು" ಅಂದರು.

ಗೆದ್ದದ್ದು ಕೀಲಿ. ಡಾರ್ಟ್ಸ್ ಆಡುವ ಹದಿನೇಳರ ಹುಡುಗ ಲೂಕ್ ಲಿಟ್ಲರ್ ಎರಡನೆಯವನು. "ನಿನ್ನವನು ಮೂರನೇ" ಅಂದರು ಅಜ್ಜ, ಏನೋ ತಪ್ಪು ಮಾಡಿದವರ ಹಾಗೆ. ನನಗೆ ನಗು ಬಂತು. ಡಾಕ್ಟರ್ ಬಂದಾಗ ನಡುರಾತ್ರಿ ದಾಟಿತ್ತು. ಮತ್ತೆ ಟಕ್ ಅನ್ನುವ ಸದ್ದು ಕೇಳಿತು.

ಈ ವರ್ಷದ ಕಾರ್ಯಕ್ರಮಕ್ಕೆ ಇನ್ನೂ ಸ್ವಲ್ಪ ದಿನ ಇದೆ. ಈ ಸಲ ಅಜ್ಜ ನಮ್ಮ ಮನೆ ಸೋಫಾದಲ್ಲಿ ಕೂತು ನೋಡ್ತಾರೆ. ಟೀ ನಾನು ಮಾಡ್ತೀನಿ.

ಶನಿವಾರ ಅವರು ಫಿನಿಷ್ ಗೆರೆಯ ಹತ್ತಿರ ನಿಂತಿದ್ದರು, ಅದೇ ಕೋಟು. ಎಲ್ಲರೂ ಮುಗಿಸಿ ಆಗಿತ್ತು. ಕೊನೆಯಲ್ಲಿ ಬರೋದಕ್ಕೆಂದೇ ಇರುವ ಟೇಲ್ ವಾಕರ್ ಜೊತೆ ಹರಟುತ್ತಾ ನಮ್ಮನೆಯವರು ಬಂದರು. ಗೆರೆ ದಾಟಿದ ಕೂಡಲೇ ಅಜ್ಜನ ಜೇಬಿನೊಳಗೆ ಟಕ್ ಅಂತು. ಎಷ್ಟಾಯ್ತು ಅಂತ ಕೇಳಿದೆ.

"ಇಮೇಲ್‌ನಲ್ಲಿ ಬರುತ್ತೆ ಬಿಡು" ಅಂದರು.